ಹುಬ್ಬಳ್ಳಿ-ಧಾರವಾಡದ ಕಸಕ್ಕೆ ಜಾಗ ಹುಡುಕುವುದು: ಕ್ಯೂಜಿಐಎಸ್‌ನಲ್ಲಿ ಹಂತ ಹಂತವಾಗಿ

ಊರ ಕಸಕ್ಕೆ ಜಾಗವನ್ನು ನಕ್ಷೆಯ ಮೇಲೆ ಹುಡುಕುವುದು ಹೇಗೆ ಎಂಬ ಪ್ರಶ್ನೆ ಸಿವಿಲ್ ಓದುವ ವಿದ್ಯಾರ್ಥಿಗಳಿಂದ ಹಿಡಿದು ಗ್ರಾಮ ಪಂಚಾಯಿತಿ ಸದಸ್ಯರವರೆಗೆ ಎಲ್ಲರಿಂದಲೂ ಬರುತ್ತಲೇ ಇರುತ್ತದೆ. ಕೆಲವರಿಗೆ ಜಾಗ ಆರಿಸಬೇಕಾಗಿರುತ್ತದೆ. ಇನ್ನು ಕೆಲವರಿಗೆ ತಮ್ಮೂರ ಪಕ್ಕ ಆರಿಸಿದ ಜಾಗ ಸರಿಯೇ ಎಂದು ತಪಾಸಣೆ ಮಾಡಬೇಕಾಗಿರುತ್ತದೆ. ಇಬ್ಬರಿಗೂ ದಾರಿ ಒಂದೇ.

ಶುರುವಿಗೇ ಒಂದು ಮಾತು. ಎಲ್ಲಿ ಬೇಡ ಎಂಬುದನ್ನು ನಕ್ಷೆ ಚೆನ್ನಾಗಿ ಹೇಳುತ್ತದೆ. ಎಲ್ಲಿ ಮಾಡಬಹುದು ಎಂಬುದನ್ನು ಹೇಳುವುದು ಮಣ್ಣು ಮತ್ತು ಬಾವಿ. ಬಣ್ಣಬಣ್ಣದ ಅಂತಿಮ ನಕ್ಷೆ ನೋಡಿ ಈ ವ್ಯತ್ಯಾಸ ಮರೆತವರೇ ಹೆಚ್ಚು.

ಇಲ್ಲಿ ಹೇಳುತ್ತಿರುವುದು ವೈಜ್ಞಾನಿಕ ನೆಲಭರ್ತಿ ತಾಣದ ಬಗ್ಗೆ. ಅಂದರೆ ತಳದಲ್ಲಿ ಜೇಡಿ ಮತ್ತು ಪ್ಲಾಸ್ಟಿಕ್ ಹಾಳೆಯ ಪದರ ಹಾಸಿ, ಕಸದಿಂದ ಇಳಿಯುವ ಕಪ್ಪು ರಸವನ್ನು (ಇದಕ್ಕೆ ಲೀಚೇಟ್ ಎನ್ನುತ್ತಾರೆ) ಹಿಡಿದು ಶುದ್ಧೀಕರಿಸುವ ಜಾಗ. ಹುಬ್ಬಳ್ಳಿಯ ಕಾರವಾರ ರಸ್ತೆ ಬದಿಯಲ್ಲೋ ಧಾರವಾಡದ ಹೊಸಯಲ್ಲಾಪುರದಲ್ಲೋ ವರ್ಷಗಟ್ಟಲೆ ಬೆಳೆದ ಕಸದ ಗುಡ್ಡದಂಥದ್ದಲ್ಲ.

ಏನೇನು ಬೇಕು

ಕ್ಯೂಜಿಐಎಸ್ ಉಚಿತ ತಂತ್ರಾಂಶ. ರಸ್ತೆ, ಕೆರೆ, ಎತ್ತರ ಹೀಗೆ ಒಂದೊಂದರ ನಕ್ಷೆಯನ್ನೂ ಒಂದೊಂದು ಪದರವಾಗಿ ಒಂದರ ಮೇಲೊಂದಿಟ್ಟು ಲೆಕ್ಕ ಹಾಕುತ್ತದೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ದತ್ತಾಂಶದಲ್ಲಿ ಇವು ಬೇಕು:

- ಎತ್ತರದ ದತ್ತಾಂಶ: ಎಸ್‌ಆರ್‌ಟಿಎಂ (ನಾಸಾದ ದತ್ತಾಂಶ, 30 ಮೀಟರ್ ಚೌಕ) ಅಥವಾ ಇಸ್ರೋದ ಭುವನ್ ತಾಣದ ಕಾರ್ಟೊಡೆಮ್
- ಭೂಬಳಕೆ: ಸೆಂಟಿನೆಲ್-2 ಉಪಗ್ರಹ ಚಿತ್ರ (10 ಮೀಟರ್), ಇತ್ತೀಚಿನ ಬೇಸಿಗೆಯದ್ದು
- ರಸ್ತೆ, ಊರು, ಕೆರೆ: ಓಪನ್‌ಸ್ಟ್ರೀಟ್‌ಮ್ಯಾಪ್ ಮತ್ತು ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ
- ಶಿಲೆ, ಬಿರುಕು ರೇಖೆ: ಜಿಎಸ್‌ಐನ ಭೂಕೋಶ್ ತಾಣ (ಜಿಎಸ್‌ಐ ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ)
- ಅಂತರ್ಜಲ ಮಟ್ಟ: ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳ ಅಂಕಿ
- ಸರ್ವೆ ನಂಬರ್: ದಿಶಾಂಕ್ ಆ್ಯಪ್, ಪಹಣಿಗೆ ಭೂಮಿ ತಾಣ

1. ಮೊದಲು ಎಕರೆ ಲೆಕ್ಕ

ಎಷ್ಟು ಜಾಗ ಬೇಕೆಂದು ಗೊತ್ತಿಲ್ಲದೆ ನಕ್ಷೆ ತೆರೆಯಬೇಡಿ. 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ತಾಣ ಕನಿಷ್ಠ 20-25 ವರ್ಷ ಬಾಳಬೇಕಿತ್ತು.

ಉದಾಹರಣೆಗೆ 10 ಲಕ್ಷ ಜನ, ತಲೆಗೆ ದಿನಕ್ಕೆ 400 ಗ್ರಾಂ ಎಂದಿಟ್ಟುಕೊಳ್ಳಿ. ದಿನಕ್ಕೆ 400 ಟನ್ ಆಯಿತು. ಹಸಿ ಕಸ ಗೊಬ್ಬರಕ್ಕೆ, ಒಣ ಕಸ ಮರುಬಳಕೆಗೆ ಹೋಗಿ ಶೇ. 20ರಷ್ಟು ಮಾತ್ರ ನೆಲಕ್ಕೆ ಬಿದ್ದರೆ ದಿನಕ್ಕೆ 80 ಟನ್; 20 ವರ್ಷಕ್ಕೆ 5.84 ಲಕ್ಷ ಟನ್. ಒತ್ತಿದ ಕಸದ ಸಾಂದ್ರತೆ ಘನ ಮೀಟರಿಗೆ 0.85 ಟನ್ ಹಿಡಿದರೆ 6.87 ಲಕ್ಷ ಘನ ಮೀಟರ್. ದಿನನಿತ್ಯ ಮೇಲೆ ಹಾಕುವ ಮಣ್ಣು, ತಳದ ಪದರ, ಕೊನೆಯ ಹೊದಿಕೆ ಎಲ್ಲಕ್ಕೂ ಶೇ. 35 ಸೇರಿಸಿ: ಸುಮಾರು 9.3 ಲಕ್ಷ. ಸರಾಸರಿ ಎತ್ತರ 10 ಮೀಟರ್ ಆದರೆ 9.3 ಹೆಕ್ಟೇರ್, ಅಂದರೆ 23 ಎಕರೆ. ತೂಕದ ಸೇತುವೆ (ಲಾರಿ ತೂಗುವ ವೇಬ್ರಿಜ್), ಲೀಚೇಟ್ ಹೊಂಡ, ಒಳರಸ್ತೆಗೆ ಇನ್ನು ಶೇ. 15. ಒಟ್ಟು 26-27 ಎಕರೆ. ಜನಸಂಖ್ಯೆ ಬೆಳೆಯುತ್ತದೆ, ಅದಕ್ಕಾಗಿ 30 ಎಕರೆ ಎಂದು ಹಿಡಿಯಿರಿ.

ಕಸ ಬೇರ್ಪಡಿಸದೆ 400 ಟನ್ನನ್ನೂ ತಂದು ಸುರಿದರೆ ಇದರ ಐದು ಪಟ್ಟು ಜಾಗ ಬೇಕು. ಅಷ್ಟು ಜಾಗ ಒಂದೇ ಕಡೆ ಅವಳಿನಗರದ ಸುತ್ತ ಸಿಗುವುದು ಕಷ್ಟ. ನಕ್ಷೆಯಲ್ಲಿ ಜಾಗವೇ ಸಿಗುತ್ತಿಲ್ಲ ಎಂದು ದೂರುವವರು ಮೊದಲು ಈ ಶೇಕಡಾವಾರು ನೋಡಬೇಕು.

2. ಎಲ್ಲ ಪದರಗಳೂ ಒಂದೇ ಅಳತೆಗೆ

ಇಳಿಸಿಕೊಂಡ ದತ್ತಾಂಶದ ಬಹುಪಾಲು ಅಕ್ಷಾಂಶ-ರೇಖಾಂಶದಲ್ಲಿ, ಅಂದರೆ ಡಿಗ್ರಿಯಲ್ಲಿ ಇರುತ್ತದೆ. ಅದರ ಮೇಲೆ 200 ಎಂದು ಬಫರ್ (ಸುತ್ತಲಿನ ನಿಷೇಧದ ಪಟ್ಟಿ) ಹಾಕಿದರೆ ತಂತ್ರಾಂಶ ಅದನ್ನು 200 ಡಿಗ್ರಿ ಎಂದು ಓದಿ ಇಡೀ ಭೂಮಿಯನ್ನೇ ನುಂಗುತ್ತದೆ. ಆದ್ದರಿಂದ ಎಲ್ಲ ಪದರಗಳನ್ನೂ ಮೀಟರ್ ಆಧಾರಿತ ಯುಟಿಎಂ ವಲಯ 43 ಉತ್ತರಕ್ಕೆ ಬದಲಿಸಿ, ಸಂಕೇತ ಇಪಿಎಸ್‌ಜಿ:32643. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ನಾಲ್ಕೂ ಇದೇ ವಲಯದೊಳಗೆ ಬರುತ್ತವೆ.

ಪ್ರಾಜೆಕ್ಟ್‌ನ ಸಂಕೇತ ಬದಲಿಸಿದರೆ ಪದರದ್ದು ಬದಲಾಗುವುದಿಲ್ಲ. ಪರದೆಯ ಮೇಲೆ ಎರಡೂ ಕೂಡಿ ಕಾಣುತ್ತವೆ, ಲೆಕ್ಕ ಮಾತ್ರ ಕೆಟ್ಟಿರುತ್ತದೆ. ಪದರವನ್ನೇ ರೀಪ್ರೊಜೆಕ್ಟ್ ಮಾಡಿ ಹೊಸ ಕಡತವಾಗಿ ಉಳಿಸಿ. ರಾಸ್ಟರ್‌ಗಳನ್ನು (ಚೌಕಗಳಿಂದಾದ ಚಿತ್ರ ಪದರಗಳನ್ನು) ‘ಅಲೈನ್ ರಾಸ್ಟರ್ಸ್’ ಉಪಕರಣದಿಂದ 30 ಮೀಟರ್ ಚೌಕಕ್ಕೆ ಹೊಂದಿಸಿ. ಭೂಬಳಕೆಯಂಥ ವರ್ಗದ ಪದರಕ್ಕೆ ‘ನಿಯರೆಸ್ಟ್ ನೇಬರ್’ ವಿಧಾನವೇ ಆಗಬೇಕು. ಬೇರೆ ವಿಧಾನ ಹಿಡಿದರೆ ಕೆರೆ 1, ಹೊಲ 3 ಎಂಬ ಸಂಖ್ಯೆಗಳ ಸರಾಸರಿ ಬಂದು, ಇಲ್ಲದ 2ನೇ ವರ್ಗ ಹುಟ್ಟಿಕೊಳ್ಳುತ್ತದೆ.

3. ಹೊರಗಿಡುವ ನಕ್ಷೆ

ಇಡೀ ಕೆಲಸದ ಜೀವಾಳ ಇದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ (2026ರಲ್ಲಿ ಇವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ) ಅನುಸೂಚಿ-1 ಹೇಳಿದ್ದ ದೂರಗಳು:

- ನದಿಯಿಂದ 100 ಮೀಟರ್
- ಕೆರೆ-ಕುಂಟೆಯಿಂದ 200 ಮೀಟರ್
- ಹೆದ್ದಾರಿ, ಜನವಸತಿ, ಸಾರ್ವಜನಿಕ ಉದ್ಯಾನ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್
- ವಿಮಾನ ನಿಲ್ದಾಣ ಅಥವಾ ವಾಯುನೆಲೆಯಿಂದ 20 ಕಿಲೋಮೀಟರ್
- ಕಳೆದ 100 ವರ್ಷಗಳಲ್ಲಿ ನೆರೆ ಬಂದ ಬಯಲು, ಜೌಗು ಪ್ರದೇಶ, ಸೂಕ್ಷ್ಮ ಪರಿಸರ ವಲಯ: ಪೂರ್ತಿ ನಿಷೇಧ

ನಿಯಮಗಳು ಪರಿಷ್ಕರಣೆಯಾಗುತ್ತಿರುತ್ತವೆ. ವರದಿ ಬರೆಯುವ ದಿನ ಜಾರಿಯಲ್ಲಿರುವ ಪಠ್ಯವನ್ನು ಎದುರಿಗಿಟ್ಟುಕೊಂಡೇ ಅಂಕಿ ಹಾಕಿ. ಇವು ಕನಿಷ್ಠ ದೂರಗಳು ಎಂಬುದೂ ನೆನಪಿರಲಿ. ವಸತಿ ಮತ್ತು ಬಾವಿಗೆ 500 ಮೀಟರ್ ಇಟ್ಟುಕೊಳ್ಳುವುದು ಒಳ್ಳೆಯದು; 200 ಮೀಟರ್ ದೂರದ ಕಸದ ವಾಸನೆ ಯಾವ ಗೆರೆಯನ್ನೂ ಕೇಳುವುದಿಲ್ಲ.

ಈಗ ವಿಮಾನ ನಿಲ್ದಾಣದ ವಿಷಯ. ಹುಬ್ಬಳ್ಳಿ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿ, ನಗರಕ್ಕೆ ಅಂಟಿಕೊಂಡೇ ಇದೆ. ಅಲ್ಲಿಂದ ಧಾರವಾಡ ಪೇಟೆಗೆ ನೇರ ಗೆರೆಯಲ್ಲಿ ಸುಮಾರು 14 ಕಿಲೋಮೀಟರ್. 20 ಕಿಲೋಮೀಟರ್ ವೃತ್ತ ಎಳೆದು ನೋಡಿ: ಎರಡೂ ಊರು, ನಡುವಿನ ನವನಗರ, ರಾಯಾಪುರ, ಸತ್ತೂರು ಎಲ್ಲವೂ ಒಳಗೆ. ಕುಂದಗೋಳ ಗೆರೆಯ ಆಸುಪಾಸು. ಕಲಘಟಗಿ, ನವಲಗುಂದ, ಅಣ್ಣಿಗೇರಿ ಹೊರಗೆ. ಅಂದರೆ ನಿಯಮವನ್ನು ಅಕ್ಷರಶಃ ಹಾಕಿದರೆ ಪಾಲಿಕೆ ವ್ಯಾಪ್ತಿಯಲ್ಲಿ ಜಾಗವೇ ಉಳಿಯುವುದಿಲ್ಲ.

ಇಲ್ಲಿ ಇಬ್ಬಗೆಯ ತಪ್ಪು ನಡೆಯುತ್ತದೆ. ಕೆಲವರು ನಕ್ಷೆ ಖಾಲಿಯಾಯಿತೆಂದು ವಿಮಾನ ನಿಲ್ದಾಣದ ಪದರವನ್ನೇ ಸದ್ದಿಲ್ಲದೆ ಕಿತ್ತುಹಾಕುತ್ತಾರೆ. ಕೆಲವರು 20 ಕಿಲೋಮೀಟರನ್ನೇ ಹಿಡಿದು ಕಸವನ್ನು ನವಲಗುಂದ ದಾಟಿಸುತ್ತಾರೆ. ಸರಿಯಾದ ದಾರಿ ಎರಡು ವೃತ್ತ ಎಳೆಯುವುದು. 10 ಕಿಲೋಮೀಟರ್ ಒಳಗೆ ಪೂರ್ತಿ ನಿಷೇಧ. 1937ರ ವಿಮಾನ ನಿಯಮಗಳ 91ನೇ ನಿಯಮವೂ ನಿಲ್ದಾಣದ 10 ಕಿಲೋಮೀಟರ್ ಸುತ್ತ ಬಯಲಲ್ಲಿ ಕಸ ಸುರಿಯುವುದನ್ನು ತಡೆಯುತ್ತದೆ. ಹದ್ದು, ಕಾಗೆ ಕಸಕ್ಕೆ ಮುತ್ತಿ ವಿಮಾನಕ್ಕೆ ಬಡಿಯುವ ಭಯವೇ ಇದಕ್ಕೆ ಕಾರಣ. 10ರಿಂದ 20 ಕಿಲೋಮೀಟರ್ ನಡುವೆ ವಿಶೇಷ ಸಂದರ್ಭದಲ್ಲಿ, ವಿಮಾನಯಾನ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಪಡೆದು ಮಾಡಲು 2016ರ ನಿಯಮದಲ್ಲೇ ಅವಕಾಶವಿತ್ತು. ಆ ಪಟ್ಟಿಯನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ‘ಷರತ್ತಿನ ವಲಯ’ ಎಂದು ಬರೆಯಿರಿ.

ಗದಗ, ಹಾವೇರಿಯವರಿಗೆ ಈ ತಲೆನೋವು ಇಲ್ಲ, ಬೇರೆಯವಿವೆ. ಗದಗದಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮ ಮತ್ತು ಬಾತುಗಳು ವಲಸೆ ಬರುವ ಮಾಗಡಿ ಕೆರೆ. ಹಾವೇರಿಯಲ್ಲಿ ರಾಣೆಬೆನ್ನೂರು ಕೃಷ್ಣಮೃಗ ಧಾಮ, ವರದಾ ಮತ್ತು ತುಂಗಭದ್ರೆಯ ನೆರೆ ಬಯಲು.

ಹಳ್ಳದ ವಿಷಯದಲ್ಲಿ ಎಚ್ಚರ. ಬೆಣ್ಣಿಹಳ್ಳವನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಒಂದು ಗೆರೆಯಾಗಿ ತೋರಿಸುತ್ತದೆ. ಆ ಗೆರೆಯಿಂದ 100 ಮೀಟರ್ ಬಿಟ್ಟರೆ ಕಾಗದದ ಮೇಲೆ ನಿಯಮ ಪಾಲನೆಯಾಯಿತು. ಆದರೆ ನವಲಗುಂದ ಭಾಗದ ಎರೆ ಬಯಲಲ್ಲಿ ಅದು ಉಕ್ಕಿದಾಗ ದಂಡೆ ಯಾವುದು, ಹೊಲ ಯಾವುದು ತಿಳಿಯುವುದಿಲ್ಲ. 2019ರ ಆಗಸ್ಟ್ ನೆರೆಯ ದಿನಗಳ ಸೆಂಟಿನೆಲ್-1 ರಾಡಾರ್ ಚಿತ್ರ ತೆಗೆದುಕೊಳ್ಳಿ. ರಾಡಾರ್ ಮೋಡದ ಆಚೆಯೂ ನೋಡುತ್ತದೆ, ನಿಂತ ನೀರು ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಭಾಗದ ಅಂಚಿನಿಂದ ಬಫರ್ ಎಳೆಯಿರಿ. ತುಪ್ಪರಿಹಳ್ಳಕ್ಕೂ ಹೀಗೇ ಮಾಡಿ.

ಪಶ್ಚಿಮಕ್ಕೆ ಹೋದರೆ ನೀರು ಬೇರೆ ದಿಕ್ಕಿಗೆ ಹರಿಯುತ್ತದೆ. ಅವಳಿನಗರ ಕೂತಿರುವುದೇ ನೀರು ಇಬ್ಭಾಗವಾಗುವ ದಿಬ್ಬದ ಮೇಲೆ: ಪೂರ್ವದ್ದು ಬೆಣ್ಣಿಹಳ್ಳ, ಮಲಪ್ರಭೆಯ ಮೂಲಕ ಕೃಷ್ಣೆಗೆ, ಪಶ್ಚಿಮದ್ದು ಬೇಡ್ತಿಗೆ, ಅಲ್ಲಿಂದ ಅರಬ್ಬಿ ಸಮುದ್ರಕ್ಕೆ. ಬೇಡ್ತಿಯ ದಾರಿಯಲ್ಲೇ ನೀರಸಾಗರ ಜಲಾಶಯವಿದೆ. ಎತ್ತರದ ದತ್ತಾಂಶದಿಂದ ಅದರ ಜಲಾನಯನವನ್ನು (ಮಳೆ ನೀರು ಹರಿದು ಅದಕ್ಕೆ ಸೇರುವ ಇಡೀ ಪ್ರದೇಶ) ಎಳೆದು, ಕುಡಿಯುವ ನೀರಿನ ಮೂಲವೆಂದು ಪೂರ್ತಿ ಹೊರಗಿಡಿ. ಕೆರೆಯಿಂದ 200 ಮೀಟರ್ ಎಂಬ ನಿಯಮವೊಂದೇ ಇಲ್ಲಿ ಸಾಲದು.

ಕೊನೆಗೆ ಎಲ್ಲ ಬಫರ್‌ಗಳನ್ನೂ ಕೂಡಿಸಿ ರಾಸ್ಟರ್ ಮಾಡಿ: ನಿಷೇಧ 0, ಉಳಿದದ್ದು 1. ಬಫರ್ ಹೊರಗಿನ ಭಾಗ ‘ನೋಡೇಟಾ’ (ಯಾವ ಬೆಲೆಯೂ ಇಲ್ಲದ ಚೌಕ) ಆಗಿ ಉಳಿದರೆ ಮುಂದಿನ ಗುಣಾಕಾರದಲ್ಲಿ ನಕ್ಷೆಯ ಬಹುಪಾಲು ಮಾಯವಾಗುತ್ತದೆ. ‘ಫಿಲ್ ನೋಡೇಟಾ ಸೆಲ್ಸ್’ ಉಪಕರಣದಿಂದ ತುಂಬಿಸಿಕೊಳ್ಳಿ.

4. ಅಂಕ ಕೊಡುವ ಪದರಗಳು

ಉಳಿದ ಜಾಗಗಳಲ್ಲಿ ಯಾವುದು ಮೇಲು ಎಂದು 1ರಿಂದ 5ರವರೆಗೆ ಅಂಕ ಕೊಡುವ ಹಂತ ಇದು.

ಇಳಿಜಾರು: ಶೇ. 2-8 ಇದ್ದರೆ 5 ಅಂಕ, 2ಕ್ಕಿಂತ ಕಡಿಮೆಗೆ 3, 8-15ಕ್ಕೆ 2, ಅದಕ್ಕಿಂತ ಮೇಲೆ 1. ಕ್ಯೂಜಿಐಎಸ್ ಇಳಿಜಾರನ್ನು ಡಿಗ್ರಿಯಲ್ಲಿ ಕೊಡುತ್ತದೆ, ಬಹುತೇಕ ಮಾನದಂಡಗಳು ಶೇಕಡಾದಲ್ಲಿವೆ. ಶೇ. 10 ಅಂದರೆ 5.7 ಡಿಗ್ರಿ ಮಾತ್ರ. ಜಿಡಿಎಎಲ್‌ನ ಸ್ಲೋಪ್ ಉಪಕರಣದಲ್ಲಿ (ಜಿಡಿಎಎಲ್ ಕ್ಯೂಜಿಐಎಸ್ ಜೊತೆಗೇ ಬರುವ ಉಪಕರಣಗಳ ಗುಂಪು) ಶೇಕಡಾ ಎಂಬ ಆಯ್ಕೆ ಇದೆ, ಅದನ್ನು ಒತ್ತಿ.

ರಸ್ತೆ ದೂರ: ಹೆದ್ದಾರಿಯಿಂದ 200 ಮೀಟರ್ ಆಚೆ, ಆದರೆ ಒಂದೆರಡು ಕಿಲೋಮೀಟರ್ ಒಳಗೆ ಇದ್ದರೆ ಉತ್ತಮ. ಊರಿನಿಂದ ದೂರವನ್ನು ಮಾತ್ರ ರಸ್ತೆಯ ಮೇಲೆ ಅಳೆಯಿರಿ, ಹಕ್ಕಿ ಹಾರುವ ಗೆರೆಯಲ್ಲಲ್ಲ. ಮನೆ ಮನೆಯಿಂದ ಕಸ ಎತ್ತುವ ಆಟೊ ಟಿಪ್ಪರ್ 15-20 ಕಿಲೋಮೀಟರ್ ಓಡುವುದು ದಂಡ. ಅಷ್ಟು ದೂರವಾದರೆ ನಡುವೆ ದೊಡ್ಡ ಲಾರಿಗೆ ಕಸ ಬದಲಿಸುವ ಟ್ರಾನ್ಸ್‌ಫರ್ ಸ್ಟೇಷನ್ನಿಗೂ ಜಾಗ ಹುಡುಕಬೇಕು.

ಗಾಳಿ: ಮುಂಗಾರಿನಲ್ಲಿ ಪಶ್ಚಿಮ-ನೈಋತ್ಯದಿಂದ ಬೀಸುತ್ತದೆ. ಕಸ ನೆನೆದು ನಾರುವುದೂ ಆಗಲೇ. ಊರಿನ ಪಶ್ಚಿಮ ಮಗ್ಗುಲಿಗೆ ಕಡಿಮೆ ಅಂಕ.

ಭೂಬಳಕೆ: ಪಾಳು, ಕಲ್ಲು ನೆಲಕ್ಕೆ 5, ಮಳೆಯಾಶ್ರಿತ ಹೊಲಕ್ಕೆ 3, ನೀರಾವರಿಗೆ 1. ಅರಣ್ಯ ಹೊರಗಿಡುವ ನಕ್ಷೆಗೇ ಸೇರಲಿ. ಒಂದು ಬೇಸಿಗೆ ಚಿತ್ರ ನೋಡಿ ಪಾಳು ಎಂದು ತೀರ್ಮಾನಿಸಬೇಡಿ. ಹಿಂಗಾರಿ ಕಡಲೆ, ಬಿಳಿಜೋಳ ಕೊಯ್ದ ಎರೆ ಹೊಲ ಏಪ್ರಿಲಿನಲ್ಲಿ ಪಾಳಿನಂತೆಯೇ ಕಾಣುತ್ತದೆ. ಡಿಸೆಂಬರಿನ ಚಿತ್ರವನ್ನೂ ಪಕ್ಕಕ್ಕಿಟ್ಟು ನೋಡಿ.

ಮಣ್ಣಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಧಾರವಾಡದ ಪಶ್ಚಿಮ, ಕಲಘಟಗಿ ಕಡೆ ಮಸಾರಿ, ಅಂದರೆ ಕೆಂಪು ಮಣ್ಣು. ಹುಬ್ಬಳ್ಳಿಯ ಪೂರ್ವ, ನವಲಗುಂದ, ಅಣ್ಣಿಗೇರಿ ಕಡೆ ಎರೆ, ಅಂದರೆ ಕರಿ ಮಣ್ಣು. ಬೇರೆ ಕಡೆಯ ವರದಿಗಳಿಂದ ಅಂಕಪಟ್ಟಿ ಎತ್ತಿಕೊಂಡವರು ‘ಜೇಡಿ ಮಣ್ಣು ನೀರು ಇಂಗಿಸುವುದಿಲ್ಲ, 5 ಅಂಕ’ ಎಂದು ಎರೆಗೆ ಪೂರ್ತಿ ಅಂಕ ಕೊಟ್ಟುಬಿಡುತ್ತಾರೆ. ನೆನೆದ ಎರೆ ನಿಜಕ್ಕೂ ನೀರು ಬಿಡುವುದಿಲ್ಲ. ಆದರೆ ಮಾರ್ಚ್-ಏಪ್ರಿಲಿನಲ್ಲಿ ಎರೆ ಹೊಲದಲ್ಲಿ ನಡೆದವರಿಗೆ ಗೊತ್ತು, ಬಿರುಕಿನಲ್ಲಿ ಮುಂಗೈ ಇಳಿಯುತ್ತದೆ. ಮೊದಲ ಮಳೆಯ ನೀರು, ಅದರ ಜೊತೆ ಕಸದ ರಸ, ಅದೇ ಬಿರುಕಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಮಣ್ಣು ಉಬ್ಬಿ ಕುಗ್ಗುವುದರಿಂದ ತೂಕದ ಸೇತುವೆಯ ಅಡಿಪಾಯ ಒಡೆಯುತ್ತದೆ. ಮಳೆಗಾಲದಲ್ಲಿ ಲಾರಿ ಹೂತು ಕಸ ದಾರಿಯಲ್ಲೇ ಬೀಳುತ್ತದೆ. ಎರೆಗೆ 3 ಅಂಕ ಸಾಕು. ಪದರ ಹಾಸಲು ಅದು ಒಳ್ಳೆಯ ಸಾಮಗ್ರಿ, ಹದ ನೀರಿಗಿಂತ (ಮಣ್ಣು ಅತಿ ಗಟ್ಟಿಯಾಗಿ ಒತ್ತಿಕೊಳ್ಳುವ ತೇವಕ್ಕಿಂತ) ತುಸು ಹೆಚ್ಚು ತೇವದಲ್ಲಿ ಒತ್ತಿ, ಒಣಗಲು ಬಿಡದೆ ಮೇಲೆ ಹಾಳೆ ಮುಚ್ಚಿದರೆ ಮಾತ್ರ. ಮಸಾರಿಯಲ್ಲಿ ನೀರು ಬೇಗ ಇಂಗುತ್ತದೆ, ಅದಕ್ಕೆ 2. ಶಿಲಾ ಬಿರುಕು ರೇಖೆಯ ಹತ್ತಿರವಿದ್ದರೆ ಎರಡಕ್ಕೂ 1.

ಅಂತರ್ಜಲ: ಇದು ಅತಿ ಭಾರದ ಪದರ, ಅತಿ ಹೆಚ್ಚು ತಪ್ಪು ನಡೆಯುವುದೂ ಇಲ್ಲೇ. ಅತಿ ಮೇಲಿನ ಜಲಮಟ್ಟಕ್ಕಿಂತ ತಳದ ಜೇಡಿ ಪದರ ಕನಿಷ್ಠ 2 ಮೀಟರ್ ಮೇಲಿರಬೇಕು ಎಂದಿತ್ತು 2016ರ ನಿಯಮ. ಮೇ ತಿಂಗಳ ಅಂಕಿ ಬಳಸಿದರೆ ಎಲ್ಲ ಜಾಗವೂ ಪಾಸು. ನೀವು ತೆಗೆದುಕೊಳ್ಳಬೇಕಾದದ್ದು ಮಳೆ ಮುಗಿದ ನಂತರದ್ದು, ನವೆಂಬರಿನದ್ದು. 3 ಮೀಟರ್ ಅಗೆದು, 0.9 ಮೀಟರ್ ಜೇಡಿ ಹಾಕಿ, 2 ಮೀಟರ್ ಅಂತರ ಬಿಟ್ಟರೆ 5.9 ಆಯಿತು. ನವೆಂಬರಿನಲ್ಲಿ ನೀರು 6 ಮೀಟರಿಗಿಂತ ಕೆಳಗಿರದ ಜಾಗ ಬೇಡ.

‘ಇಲ್ಲಿ 400 ಅಡಿಗೆ ನೀರು ಸಿಕ್ಕಿದೆ, ಅಂತರ್ಜಲ ಆಳದಲ್ಲಿದೆ’ ಎಂಬ ಮಾತನ್ನೂ ನಂಬಬೇಡಿ. ಬೋರ್‌ವೆಲ್ ಮುಟ್ಟುವುದು ಕೆಳಗಿನ ಬಂಡೆಯ ಬಿರುಕಿನ ನೀರನ್ನು. ಮೇಲಿನ ಸವೆದ ಕಲ್ಲಿನ ಪದರದ ನೀರು ಅದಕ್ಕಿಂತ ಬಹಳ ಮೇಲಿರಬಹುದು. ತೆರೆದ ಬಾವಿಯ ಮಟ್ಟವನ್ನೇ ಅಳೆಯಿರಿ.

5. ತೂಕ ಕೊಡುವುದು

ಎಲ್ಲ ಪದರಕ್ಕೂ ಒಂದೇ ತೂಕ ಸಲ್ಲದು. ಇದಕ್ಕೆ ಎಎಚ್‌ಪಿ ಎಂಬ ವಿಧಾನ ಬಳಸುತ್ತಾರೆ: ಎರಡೆರಡೇ ಅಂಶ ಹೋಲಿಸಿ ಯಾವುದು ಎಷ್ಟು ಪಟ್ಟು ಮುಖ್ಯ ಎಂದು ಬರೆಯುವುದು. ಮೂರು ಅಂಶಗಳ ಸಣ್ಣ ಲೆಕ್ಕ ನೋಡಿ. ಅಂತರ್ಜಲ ಮಣ್ಣಿಗಿಂತ 2 ಪಟ್ಟು, ಇಳಿಜಾರಿಗಿಂತ 5 ಪಟ್ಟು. ಮಣ್ಣು ಇಳಿಜಾರಿಗಿಂತ 3 ಪಟ್ಟು. ಪ್ರತಿ ಸಾಲಿನ ಮೂರು ಸಂಖ್ಯೆ ಗುಣಿಸಿ ಘನಮೂಲ ತೆಗೆದರೆ 2.15, 1.14, 0.41. ಮೊತ್ತದಿಂದ ಭಾಗಿಸಿದರೆ ತೂಕ 0.58, 0.31, 0.11.

ನಿಮ್ಮ ಹೋಲಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಳೆಯುವ ಸ್ಥಿರತಾ ಅನುಪಾತ 0.1ಕ್ಕಿಂತ ಕಡಿಮೆ ಇರಬೇಕು. ಮೇಲಿನ ಲೆಕ್ಕದಲ್ಲಿ ಅದು 0.003ರ ಆಸುಪಾಸು. ಅನುಪಾತ ಕೂಡಿಬರಲಿಲ್ಲವೆಂದು ಸಂಖ್ಯೆ ತಿದ್ದುತ್ತ ಕೂರುವ ಚಟ ಬಿಡಿ. ಯಾವ ಹೋಲಿಕೆ ತಪ್ಪಾಗಿ ಯೋಚಿಸಿದ್ದು ಎಂದು ಹುಡುಕಿ.

ಈ ಭಾಗಕ್ಕೆ ಶುರುವಿನ ತೂಕ ಹೀಗಿರಲಿ: ಅಂತರ್ಜಲ 0.30, ಮಣ್ಣು-ಶಿಲೆ 0.22, ಹಳ್ಳ-ಕೆರೆ ದೂರ 0.15, ಭೂಬಳಕೆ 0.13, ರಸ್ತೆ 0.10, ಇಳಿಜಾರು 0.06, ಗಾಳಿ 0.04. ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಪ್ರತಿ ಪದರವನ್ನು ಅದರ ತೂಕದಿಂದ ಗುಣಿಸಿ, ಕೂಡಿ, ಇಡೀ ಮೊತ್ತವನ್ನು ಹೊರಗಿಡುವ ನಕ್ಷೆಯಿಂದ ಗುಣಿಸಿ. ಆಮೇಲೆ ಒಂದೊಂದೇ ತೂಕವನ್ನು ಶೇ. 20ರಷ್ಟು ಏರಿಸಿ, ಇಳಿಸಿ, ಉಳಿದವನ್ನು ಮೊತ್ತ 1 ಆಗುವಂತೆ ಹೊಂದಿಸಿ ಮತ್ತೆ ಓಡಿಸಿ. ಮೊದಲ ಐದು ಜಾಗ ಅದಲುಬದಲಾದರೆ ಆ ಪಟ್ಟಿಗೆ ಬೆಲೆ ಇಲ್ಲ.

6. ಚುಕ್ಕೆಗಳಿಂದ ಜಾಗಕ್ಕೆ

4ಕ್ಕಿಂತ ಹೆಚ್ಚು ಅಂಕದ ಚೌಕಗಳನ್ನು 1 ಎಂದೂ ಉಳಿದವನ್ನು 0 ಎಂದೂ ಮಾಡಿ. 4 ದಾಟಿದ್ದು ತೀರಾ ಕಡಿಮೆಯಾದರೆ 3.5ಕ್ಕೆ ಇಳಿಸಿ, ಇಳಿಸಿದ್ದನ್ನು ವರದಿಯಲ್ಲಿ ಬರೆಯಿರಿ. 30 ಮೀಟರ್ ಚೌಕವೊಂದು 900 ಚದರ ಮೀಟರ್, ಹೆಚ್ಚುಕಡಿಮೆ 9 ಗುಂಟೆ. 30 ಎಕರೆಗೆ 135 ಚೌಕ. ‘ಸೀವ್’ ಉಪಕರಣದಲ್ಲಿ ಮಿತಿ 135 ಕೊಟ್ಟರೆ ಅದಕ್ಕಿಂತ ಸಣ್ಣ ತುಂಡುಗಳು ಹೋಗುತ್ತವೆ. 8 ದಿಕ್ಕಿನ ಜೋಡಣೆಯ ಗುರುತು ತೆಗೆಯಿರಿ, ಇಲ್ಲವಾದರೆ ಮೂಲೆ ತಾಗಿದ ಎರಡು ತುಂಡುಗಳೂ ಒಂದೇ ಜಾಗವೆಂದು ಲೆಕ್ಕಕ್ಕೆ ಬರುತ್ತವೆ.

ಇಲ್ಲೊಂದು ಅಡಗಿದ ಅಪಾಯವಿದೆ. ಸೀವ್ ಸಣ್ಣ ತುಂಡನ್ನು ಅಳಿಸುವುದಿಲ್ಲ, ಪಕ್ಕದ ದೊಡ್ಡ ತುಂಡಿನ ಬೆಲೆ ಅದಕ್ಕೆ ತುಂಬುತ್ತದೆ. ಹಾಗಾಗಿ ಒಳ್ಳೆಯ ಜಾಗದ ನಡುವೆ ಇದ್ದ ಸಣ್ಣ ನಿಷೇಧಿತ ತುಂಡೂ ಒಳ್ಳೆಯದಾಗಿಬಿಡುತ್ತದೆ. ಸೀವ್ ಆದ ಮೇಲೆ ಹೊರಗಿಡುವ ನಕ್ಷೆಯಿಂದ ಇನ್ನೊಮ್ಮೆ ಗುಣಿಸಿ.

ಚೌಕಗಳನ್ನು ಪಾಲಿಗನ್ (ಗಡಿಗೆರೆ ಇರುವ ಆಕಾರ) ಮಾಡಿದ ಮೇಲೆ ಆಕಾರವನ್ನೂ ನೋಡಿ. ಎರಡು ಬಫರ್ ನಡುವೆ ಉಳಿದ, 60 ಮೀಟರ್ ಅಗಲದ ಉದ್ದ ಪಟ್ಟಿ 30 ಎಕರೆ ಇದ್ದರೂ ಕಸ ಹಾಕಲು ಬರುವುದಿಲ್ಲ. ಅಗಲ 250 ಮೀಟರಾದರೂ ಇರಲಿ.

7. ಸರ್ವೆ ನಂಬರ್, ಆಮೇಲೆ ಹೊಲ

ಉಳಿದ ಐದಾರು ಜಾಗಗಳ ನಡುವಿನ ಬಿಂದುವನ್ನು ದಿಶಾಂಕ್‌ನಲ್ಲಿ ಹಾಕಿ ಸರ್ವೆ ನಂಬರ್ ತೆಗೆಯಿರಿ, ಭೂಮಿಯಲ್ಲಿ ಪಹಣಿ ನೋಡಿ. ಗೋಮಾಳವೇ, ಪಟ್ಟಾ ಜಮೀನೇ, ಖರಾಬು ಎಷ್ಟು. ಬಿ ಖರಾಬು ಎಂದಿದ್ದರೆ ಅಲ್ಲಿ ಹಳ್ಳ, ದಾರಿ ಅಥವಾ ಕೆರೆಯಂಥ ಸಾರ್ವಜನಿಕ ಜಾಗ ಇದೆ ಎಂದರ್ಥ; ಉಪಗ್ರಹಕ್ಕೆ ಕಾಣದ ಹಳ್ಳ ಹಲವು ಸಲ ಸಿಗುವುದು ಇಲ್ಲೇ. ಗ್ರಾಮ ನಕ್ಷೆ ಉಪಗ್ರಹ ಚಿತ್ರದ ಮೇಲೆ ಸರಿದು ಕೂತಿದ್ದರೆ ಮೂರು ಊರಿನ ಗಡಿ ಕೂಡುವ ಕಲ್ಲನ್ನು ಹಿಡಿದು ಹೊಂದಿಸಿ.

ಸ್ಥಳಕ್ಕೆ ಎರಡು ಸಲ ಹೋಗಿ, ಬೇಸಿಗೆಯಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ. ಸುತ್ತಲಿನ ಒಂದು ಕಿಲೋಮೀಟರಿನ ಎಲ್ಲ ಬಾವಿ, ಬೋರ್, ಕೃಷಿ ಹೊಂಡಗಳನ್ನು ಮೊಬೈಲ್ ಜಿಪಿಎಸ್‌ನಲ್ಲಿ ಗುರುತಿಸಿ. ಯಾವ ತಾಣದಲ್ಲೂ ಇವುಗಳ ಪೂರ್ತಿ ಪಟ್ಟಿ ಸಿಗುವುದಿಲ್ಲ. ಬದಿಯ ಹೊಲದವರನ್ನು ಕೇಳಬೇಕಾದದ್ದು ಎರಡೇ ಪ್ರಶ್ನೆ: ಮಳೆಗಾಲದಲ್ಲಿ ಒಡ್ಡು ಎಲ್ಲಿ ಒಡೆಯುತ್ತದೆ, ದೀಪಾವಳಿ ಹೊತ್ತಿಗೆ ಬಾವಿಯಲ್ಲಿ ನೀರು ಎಷ್ಟು ಮೆಟ್ಟಿಲು ಕೆಳಗಿರುತ್ತದೆ.

ಎರಡು ಜಾಗಕ್ಕೆ ಇಳಿದ ಮೇಲೆ ನಾಲ್ಕು ಮೂಲೆ ಮತ್ತು ನಡುವೆ, ಕನಿಷ್ಠ ಐದು ಕಡೆ ಕೊರೆಸಿ. ಮಣ್ಣಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ನೀರಿಳಿಯುವ ವೇಗಕ್ಕೆ ಪರೀಕ್ಷಿಸಿ. ತಳದ ಪದರಕ್ಕೆ 2016ರ ನಿಯಮ ಕೇಳಿದ್ದು 90 ಸೆಂಟಿಮೀಟರ್ ಜೇಡಿ, ನೀರಿಳಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಲ್ಲದ್ದು, ಮೇಲೆ 1.5 ಮಿಲಿಮೀಟರ್ ಎಚ್‌ಡಿಪಿಇ ಹಾಳೆ. ಅಲ್ಲಿನ ಮಣ್ಣು ಈ ಮಟ್ಟಕ್ಕೆ ಬರದಿದ್ದರೆ ಬೆಂಟೊನೈಟ್ ಜೇಡಿ ಬೆರೆಸಬೇಕು, ಇಲ್ಲವೇ ಎರೆ ಮಣ್ಣು ತರಿಸಬೇಕು. ಆ ಸಾಗಣೆ ಖರ್ಚು ಸೇರಿಸಿದಾಗ ಮೊದಲನೆಯ ಜಾಗ ಎರಡನೆಯದಾಗುವುದು ಅಪರೂಪವಲ್ಲ.

ನಂತರದ್ದು ಜಿಲ್ಲಾಧಿಕಾರಿ ಕಚೇರಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಮತ್ತು 2006ರ ಪರಿಸರ ಪರಿಣಾಮ ಅಧಿಸೂಚನೆಯ 7(ಐ) ಅಡಿ ಅನುಮತಿ. ಕಡತದ ಜೊತೆ ಅಂತಿಮ ನಕ್ಷೆಯೊಂದನ್ನೇ ಕೊಡಬೇಡಿ. ಹೊರಗಿಟ್ಟ ಪ್ರತಿ ಪದರ, ಅದರ ದತ್ತಾಂಶದ ದಿನಾಂಕ, ಬಳಸಿದ ದೂರ, ಕೊಟ್ಟ ತೂಕ, ಷರತ್ತಿನ ವಲಯದ ಗೆರೆ, ನವೆಂಬರಿನ ಬಾವಿ ಅಳತೆ ಇಷ್ಟನ್ನೂ ಒಂದೊಂದು ಪುಟದಲ್ಲಿ ಸೇರಿಸಿ. ಅಹವಾಲು ಸಭೆಯಲ್ಲಿ ‘ನಮ್ಮೂರೇ ಯಾಕೆ’ ಎಂದು ಎದ್ದು ನಿಂತವರ ಕೈಗೆ ಮೊದಲು ಕೊಡಬೇಕಾದದ್ದು ಬಾವಿ ಅಳತೆಯ ಪುಟ.